ಕೋಳಿ ಕಾಳಗದ ಲೆಕ್ಕ, ಬೆಲ್ಲದ ಪೇಟೆಯ ಅಂದಾಜು

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಕೋಳಿ ಕಾಳಗದ ಒಂದು ಲೆಕ್ಕವಿದೆ. ಮಂತ್ರ, ಮದ್ದು ಬಲ್ಲವನೊಬ್ಬ ಎರಡೂ ಕೋಳಿಗಳ ಒಡೆಯರನ್ನು ಬೇರೆಬೇರೆಯಾಗಿ ಕಂಡು ಗುಟ್ಟಿನ ಕರಾರು ಮಾಡಿಕೊಳ್ಳುತ್ತಾನೆ. ಕೋಳಿ ಗೆದ್ದರೆ ಒಡೆಯ ಪಣದ ಹಣವನ್ನು ಇವನಿಗೆ ಕೊಡಬೇಕು. ಸೋತರೆ ಮೊದಲನೆಯವನಿಗೆ ಪಣದ ಮೂರರಲ್ಲಿ ಎರಡು ಪಾಲು, ಇನ್ನೊಬ್ಬನಿಗೆ ನಾಲ್ಕರಲ್ಲಿ ಮೂರು ಪಾಲು ಇವನು ಕೊಡುತ್ತಾನೆ. ಯಾವ ಕೋಳಿ ಗೆದ್ದರೂ ಇವನಿಗೆ 12 ಹೊನ್ನು ಉಳಿಯಬೇಕು; ಪಣ ಎಷ್ಟೆಷ್ಟು?

ಉತ್ತರ 42 ಮತ್ತು 40. ಮೊದಲ ಕೋಳಿ ಗೆದ್ದರೆ 42 ಬಂದು 30 ಹೋಗುತ್ತದೆ. ಎರಡನೆಯದು ಗೆದ್ದರೆ 40 ಬಂದು 28 ಹೋಗುತ್ತದೆ.

ಮಹಾವೀರನಿಗೆ ಇದು ಸಮೀಕರಣದ ಲೆಕ್ಕವಷ್ಟೆ. ಆದರೆ ಇದರೊಳಗೆ ಸಂಭವನೀಯತೆಯೂ ಅಡಗಿದೆ ಎಂದು ನನಗನ್ನಿಸುತ್ತದೆ. ಗೆದ್ದರೆ 42 ಕೊಡುವ, ಸೋತರೆ 28 ಪಡೆಯುವ ಕರಾರು ಸರಿಸಮ ಎನಿಸಬೇಕಾದರೆ, ಮೊದಲ ಒಡೆಯ ತನ್ನ ಗೆಲುವಿಗೆ ಐದರಲ್ಲಿ ಎರಡು ಪಾಲು ಮಾತ್ರ ಅವಕಾಶ ಕಂಡಿರಬೇಕು. ಇನ್ನೊಬ್ಬ ಏಳರಲ್ಲಿ ಮೂರು. ಎರಡನ್ನೂ ಕೂಡಿಸಿದರೆ ಪೂರ್ತಿ ಒಂದಾಗುವುದಿಲ್ಲ. ಆ ಕೊರತೆಯಲ್ಲೇ ಮಂತ್ರಗಾರನ ಲಾಭವಿದೆ.

ನಂಬಿಕೆಯ ಬಲವನ್ನು ಪಣದಿಂದ ಅಳೆಯಬಹುದೆಂದು 1926ರಲ್ಲಿ ಇಂಗ್ಲೆಂಡಿನ ಫ್ರಾಂಕ್ ರಾಮ್ಸೆ, ಮುಂದೆ ಇಟಲಿಯ ಬ್ರೂನೊ ಡಿ ಫಿನೆಟ್ಟಿ ಸಿದ್ಧಾಂತ ಕಟ್ಟಿದರು. ಒಬ್ಬನದೇ ಅಂದಾಜುಗಳು ಒಂದಕ್ಕೊಂದು ಕೂಡಿಬರದಿದ್ದರೆ, ಏನೇ ಆದರೂ ಅವನೇ ಸೋಲುವಂತೆ ಪಣ ಒಡ್ಡಬಹುದು ಎಂಬುದು ಅವರ ವಾದ. ಅದಕ್ಕೂ ಮೊದಲು, 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕದಲ್ಲಿ ಸಮಾನ ಸಾಧ್ಯತೆಗಳನ್ನು ಎಣಿಸಿದ್ದರು. 1866ರಲ್ಲಿ ಜಾನ್ ವೆನ್, ದೀರ್ಘಕಾಲದಲ್ಲಿ ಎಷ್ಟು ಸಲ ನಡೆಯುತ್ತದೆ ಎಂಬುದೇ ಸಂಭವನೀಯತೆ ಎಂದ.

ಇವುಗಳಲ್ಲಿ ಒಂದೇ ನಿಜ ಎಂಬ ಜಗಳ ನನಗೆ ಒಪ್ಪಿಗೆಯಿಲ್ಲ. ಬೆಲ್ಲದ ಪೇಟೆಯಾದ ಮಹಾಲಿಂಗಪುರದಲ್ಲಿ ಇಪ್ಪತ್ತು ಜನ ಒಂದೇ ಅಳತೆಯ ಚೀಟಿ ಹಾಕಿ ಒಂದನ್ನು ಎತ್ತಿದರೆ ಪಾಸ್ಕಲ್ ಸಾಕು. ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಎಂಬ ತೋರಣ ಹರಿದಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿನ ಬಿಳಿಜೋಳ ಚಲೋ ಬೆಳೆಯುತ್ತದೆ ಎನ್ನುತ್ತಾರಲ್ಲ, ಅದನ್ನು ಪರೀಕ್ಷಿಸಲು ವೆನ್‌ನ ದಾರಿ ಬೇಕು: ವರ್ಷವರ್ಷವೂ ಎತ್ತಿನ ಬಣ್ಣ, ಬಂದ ಬೆಳೆ ಎರಡನ್ನೂ ಬರೆದಿಡಬೇಕು.

ಮುಂದಿನ ವಾರದ ಬೆಲ್ಲದ ದರ ಹಾಗಲ್ಲ. ಆ ವಾರ ಬರುವುದು ಒಂದೇ ಸಲ. ಹಳೆಯ ದರಗಳ ಪಟ್ಟಿ ನೆರವಾದೀತು, ತೀರ್ಪು ಕೊಡಲಾರದು. ದರ ಏರುತ್ತದೆ ಎನ್ನುವ ವ್ಯಾಪಾರಿಯ ನಂಬಿಕೆ ಎಷ್ಟು ಗಟ್ಟಿ ಎಂದು ತಿಳಿಯಲು ರೈತ ಕೇಳಬೇಕಾದ ಪ್ರಶ್ನೆ ಇದು: “ಹಂಗಾದ್ರ ಇವತ್ತಿನ ದರಕ್ಕ ಎಷ್ಟು ಪೆಂಟಿ ಬೆಲ್ಲ ಹಿಡೀತೀರಿ, ಸಾವಕಾರ್ರ?”