ಪಾರಿವಾಳದ ಲಾಡಿಹುಳು ಕೋಳಿಗೆ ಬರುವ ದಾರಿ



ನಮ್ಮ ಯಲಹಂಕ ಸೀಮೆಯ ಹಳೆಯ ಕಲ್ಲುಕಟ್ಟಡದ ಬಾವಿಗಳು ನೀರು ಬತ್ತಿದ ಮೇಲೆ ಕಾಡು ಪಾರಿವಾಳಗಳಿಗೆ ಮನೆಯಾಗಿವೆ. ಬೆಳಗಾದರೆ ಅವು ಹಿಂಡುಹಿಂಡಾಗಿ ಹೊರಬಂದು ಕಣದಲ್ಲಿಯೂ ಹಿತ್ತಿಲಲ್ಲಿಯೂ ನಿಮ್ಮ ಕೋಳಿಗಳ ಜೊತೆಯಲ್ಲೇ ಕಾಳು ಹೆಕ್ಕುತ್ತವೆ. ನಾಲ್ಕು ಕಾಳು ತಿಂದರೆ ತಿನ್ನಲಿ. ಆದರೆ ಅವು ಬಿಟ್ಟುಹೋಗುವ ಹಿಕ್ಕೆಯ ವಿಷಯದಲ್ಲಿ ನಾವು ಎಚ್ಚರವಾಗಿರಬೇಕು.

ಕಳೆದ ಮಳೆಗಾಲದಲ್ಲಿ ರಾಜಾನುಕುಂಟೆ ಕಡೆಯ ರೈತರೊಬ್ಬರ ಮನೆಗೆ ಹೋಗಿದ್ದೆ. ಅವರ ಮನೆಯಾಕೆ ಸಾಕಿದ್ದ ನಾಟಿ ಕೋಳಿಗಳು ಚೆನ್ನಾಗಿ ಮೇಯುತ್ತಿದ್ದರೂ ಸೊರಗುತ್ತಿದ್ದವು. ಜುಟ್ಟು ಬಿಳಿಚಿತ್ತು, ಹಿಕ್ಕೆ ನೀರಾಗಿತ್ತು, ಮೊಟ್ಟೆ ನಿಂತುಹೋಗಿತ್ತು. ಆ ಮೊಟ್ಟೆಯ ಕಾಸೇ ಮಗಳ ಶಾಲೆಯ ಖರ್ಚಿಗೆ ಆಧಾರ. ಅಂಗಡಿಯಿಂದ ಜಂತಿನ ಔಷಧ ತಂದು ಎರಡು ಸಲ ಕುಡಿಸಿದ್ದರೂ ಗುಣ ಕಂಡಿರಲಿಲ್ಲ. "ಎಲ್ಲಾ ಈ ಪಾರಿವಾಳಗಳ್ದೇ ಕಾಟ ಸ್ವಾಮಿ. ಬಾವಿಗೆ ಹೊಗೆ ಹಾಕಿ ಒಂದನ್ನೂ ಬಿಡ್ದಂಗೆ ಮುಗಿಸ್ಬಿಡ್ತೀನಿ" ಎಂದು ಯಜಮಾನರು ಸಿಟ್ಟಿನಲ್ಲಿದ್ದರು.

ಸತ್ತ ಕೋಳಿಯೊಂದನ್ನು ಪಶುವೈದ್ಯರು ಕೊಯ್ದು ನೋಡಿದರು. ಕರುಳಿನ ಹೊರಮೈಯಲ್ಲಿ ಸಣ್ಣ ಗಂಟುಗಳಿದ್ದವು. ಒಳಗೆ ಲಾಡಿಯಂತೆ ಚಪ್ಪಟೆಯಾದ ಬಿಳಿಯ ಹುಳುಗಳಿದ್ದವು. ಇವೇ ಲಾಡಿಹುಳುಗಳು.

ಲಾಡಿಹುಳುಗಳಲ್ಲಿ ನೂರಾರು ಜಾತಿ. ಪಾರಿವಾಳದ ಎಲ್ಲ ಹುಳುಗಳೂ ಕೋಳಿಗೆ ಬರುವುದಿಲ್ಲ. ಆದರೆ 'ರೈಲಿಯೆಟೈನಾ' ಎಂಬ ಗುಂಪಿನ ಕೆಲವು ಹುಳುಗಳು ಎರಡರಲ್ಲಿಯೂ ಬದುಕಬಲ್ಲವು. ಇವು ತಲೆಯ ಹೀರುಬಟ್ಟಲು ಮತ್ತು ಕೊಕ್ಕೆಗಳಿಂದ ಕರುಳಿಗೆ ಅಂಟಿಕೊಂಡು 25 ಸೆಂಟಿಮೀಟರಿನವರೆಗೂ ಬೆಳೆಯುತ್ತವೆ. ಬಾಲದ ಕಡೆಯಿಂದ ಮೊಟ್ಟೆ ತುಂಬಿದ ತುಣುಕುಗಳು ಕಳಚಿ ಹಿಕ್ಕೆಯೊಡನೆ ಹೊರಬೀಳುತ್ತವೆ. ಹೊಸ ಹಿಕ್ಕೆಯನ್ನು ಗಮನಿಸಿ ನೋಡಿದರೆ ನುಚ್ಚಕ್ಕಿಯಂಥ ಈ ತುಣುಕುಗಳು ಕಾಣಸಿಗುತ್ತವೆ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಈ ಮೊಟ್ಟೆಗಳನ್ನು ಕೋಳಿ ನೇರವಾಗಿ ತಿಂದರೆ ಹುಳು ಬೆಳೆಯುವುದಿಲ್ಲ. ಮೊದಲು ಅವು ಇರುವೆಯ ಹೊಟ್ಟೆ ಸೇರಬೇಕು. ಇರುವೆಯೊಳಗೆ ಮರಿಹುಳು ಸಿದ್ಧವಾಗುತ್ತದೆ. ಆ ಇರುವೆಯನ್ನು ಕೋಳಿ ಹೆಕ್ಕಿದರೆ ಸುಮಾರು ಮೂರು ವಾರದಲ್ಲಿ ಅದರ ಕರುಳಲ್ಲಿ ಹುಳು ಬಲಿಯುತ್ತದೆ. ಬೇರೆ ಕೆಲವು ಜಾತಿಯ ಲಾಡಿಹುಳುಗಳಿಗೆ ಜೀರುಂಡೆ, ನೊಣ, ಬಸವನಹುಳುಗಳು ಇದೇ ಕೆಲಸ ಮಾಡಿಕೊಡುತ್ತವೆ.

ಹೀಗಿರುವಾಗ ಪಾರಿವಾಳ ಕೊಂದು ಫಲವೇನು? ಹಿತ್ತಿಲಿಗೆ ಒಮ್ಮೆ ಬಂದ ಹುಳು ಕೋಳಿಯಿಂದ ಇರುವೆಗೆ, ಇರುವೆಯಿಂದ ಕೋಳಿಗೆ ತಾನೇ ಸುತ್ತುತ್ತಿರುತ್ತದೆ. ಈ ಸುತ್ತನ್ನು ನಾವು ಮುರಿಯಬೇಕು. ಅದಕ್ಕೆ ಹೀಗೆ ಮಾಡಿರಿ:

1. ಕಾಳನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿ ಹಾಕಿರಿ. ಕೋಳಿಗಳು ತಿಂದೊಡನೆ ಎತ್ತಿಡಿರಿ. ಚೆಲ್ಲಿದ ಕಾಳು ಪಾರಿವಾಳವನ್ನೂ ಇರುವೆಯನ್ನೂ ಕರೆಯುತ್ತದೆ.

2. ಗೂಡನ್ನು ನೆಲದಿಂದ ಎತ್ತರದಲ್ಲಿಟ್ಟು, ಹಿಕ್ಕೆಯನ್ನು ತಪ್ಪದೆ ಗುಡಿಸಿರಿ. ಒಣಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ. ಮೊದಲು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ.

3. ಗುಡಿಸಿದ್ದನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಚೆನ್ನಾಗಿ ಕೊಳೆತರೆ ಹೊಲಕ್ಕೆ ಉತ್ತಮ ಗೊಬ್ಬರವಾಗುತ್ತದೆ.

4. ಗೂಡಿನ ಸುತ್ತ ಇರುವೆಗೂಡು ಕಂಡರೆ ಕುದಿನೀರು ಸುರಿಯಿರಿ. ಕೋಳಿ ಹೆಕ್ಕುವ ಜಾಗದಲ್ಲಿ ಕೀಟನಾಶಕ ಎರಚಬೇಡಿರಿ.

5. ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆ ಇಡಿರಿ. ಹುಳುವಿನ ಹಾವಳಿ ಎಳೆಯವಕ್ಕೇ ಹೆಚ್ಚು.

ಔಷಧದ ವಿಷಯ. ಪೈಪರಜೀನ್ ಎಂಬ ಜಂತಿನ ಔಷಧ ದುಂಡು ಹುಳುಗಳಿಗೆ ಆಗುತ್ತದೆಯೇ ಹೊರತು ಲಾಡಿಹುಳುವಿಗೆ ಆಗುವುದಿಲ್ಲ. ಆ ರೈತರ ಹಣ ವ್ಯರ್ಥವಾದದ್ದು ಹೀಗೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್‌ನಂಥ ಬೇರೆ ಔಷಧಗಳಿವೆ. ಹಕ್ಕಿಯ ತೂಕ ನೋಡಿ ಎಷ್ಟು ಕೊಡಬೇಕು, ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ಬಳಸಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಹತ್ತಿರದ ಪಶು ಆಸ್ಪತ್ರೆಗೆ ಹೊಸ ಹಿಕ್ಕೆಯನ್ನೋ ಆಗತಾನೇ ಸತ್ತ ಕೋಳಿಯನ್ನೋ ಒಯ್ಯಿರಿ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ನಮ್ಮ ಹೆಬ್ಬಾಳದಲ್ಲೇ ಇರುವುದು ಈ ಭಾಗದ ಭಾಗ್ಯ.

ಒಂದು ಸಂದೇಹ ಹಲವರು ಕೇಳುತ್ತಾರೆ: ಈ ಹುಳು ನಮಗೂ ಬಂದೀತೇ? ಅರೆಬೆಂದ ಹಂದಿಮಾಂಸದಿಂದ ಮನುಷ್ಯರಿಗೆ ಬರುವ ಲಾಡಿಹುಳು ಬೇರೆಯೇ ಜಾತಿ. ಆದರೂ ಗೂಡು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯುವುದನ್ನು ಮರೆಯದಿರಿ.

ಆ ರೈತರು ಬಾವಿಗೆ ಹೊಗೆ ಹಾಕಲಿಲ್ಲ. ವೈದ್ಯರು ಹೇಳಿದ ಔಷಧ ಕೊಟ್ಟು, ಕಾಳು ಚೆಲ್ಲುವುದನ್ನು ಬಿಟ್ಟು, ಗೂಡನ್ನು ಎತ್ತರಿಸಿದರು. ಸಂಕ್ರಾಂತಿಯ ಹೊತ್ತಿಗೆ ಆ ತಾಯಿಯ ಬುಟ್ಟಿಗೆ ಮತ್ತೆ ಮೊಟ್ಟೆ ಬಂದಿತ್ತು. ಪಾರಿವಾಳಗಳೂ ಬಾವಿಯಲ್ಲಿಯೇ ಇವೆ.