ಕಿಟಕಿಯಲ್ಲಿ ಕಂಡದ್ದನ್ನು ನಂಬೋರು ಯಾರು?

ನೆರೆಮನೆಯನ್ನು ಕದ್ದು ನೋಡೋದಕ್ಕೆ ಉರ್ದುವಿನಲ್ಲಿ ತಾಕ್-ಝಾಂಕ್ ಅಂತೀವಿ. ಕೆಟ್ಟ ಚಾಳಿ, ಸರಿ. ಆದರೆ ಇಂಗ್ಲಿಷಿನ ಕೆಲವು ಜನಪ್ರಿಯ ಥ್ರಿಲ್ಲರ್‌ಗಳು ನಿಂತಿರೋದೇ ಈ ಚಾಳಿಯ ಮೇಲೆ.

ಹಿಚ್‌ಕಾಕ್‌ನ 1954ರ ‘ರಿಯರ್ ವಿಂಡೋ’ ಸಿನಿಮಾದಲ್ಲಿ ಕಾಲು ಮುರಿದು ಕೂತ ಫೋಟೋಗ್ರಾಫರ್ ಎದುರು ಮನೆಯಲ್ಲಿ ಕೊಲೆಯಾಗಿದೆ ಅಂತಾನೆ. ಪೊಲೀಸ್ ಗೆಳೆಯ ನಂಬೋಲ್ಲ. ಆದರೂ ಅವನ ನೆನಪು ಅವನದ್ದೇ.

ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೈನ್’ (2015) ಕಾದಂಬರಿಯ ರೇಚಲ್‌ಗೆ ಅದೂ ಇಲ್ಲ. ಕುಡಿತದಿಂದ ಕೆಲಸ ಹೋಗಿದ್ದರೂ ದಿನಾ ಲಂಡನ್ ರೈಲು ಹತ್ತುತ್ತಾಳೆ. ಹಳಿ ಪಕ್ಕದ ಮನೆಯ ಗಂಡ-ಹೆಂಡತಿಯನ್ನು ನೋಡುತ್ತಾ ಅವರಿಗೆ ತಾನೇ ಹೆಸರಿಡುತ್ತಾಳೆ. ಒಂದು ದಿನ ಆ ಹೆಂಡತಿ ಕಾಣೆ. ಆ ರಾತ್ರಿ ರೇಚಲ್ ಅದೇ ಬೀದಿಯಲ್ಲಿದ್ದಳು, ಆದರೆ ಏನೂ ನೆನಪಿಲ್ಲ. ಪೊಲೀಸರ ಪಾಲಿಗೆ ಅವಳೊಬ್ಬಳು ಕುಡುಕಿ, ಅಷ್ಟೇ.

‘ನಂಬಲಾಗದ ನಿರೂಪಕಿ’ ಅಂದ ಕೂಡಲೇ ವಿದ್ಯಾರ್ಥಿಗಳು ಸುಳ್ಳಿ ಅಂದುಕೊಳ್ತಾರೆ. ರೇಚಲ್ ಸಣ್ಣಪುಟ್ಟ ಸುಳ್ಳು ಹೇಳ್ತಾಳೆ, ನಿಜ. ದೊಡ್ಡ ಸುಳ್ಳು ಅವಳದ್ದಲ್ಲ. (ಕಾದಂಬರಿ ಓದಬೇಕೆಂದಿರೋರು ಇಲ್ಲಿಗೇ ನಿಲ್ಲಿಸಿ.) ಮರೆತುಹೋದ ರಾತ್ರಿಗಳಲ್ಲಿ ಏನಾಯ್ತು ಅಂತ ಅವಳಿಗೆ ಹೇಳ್ತಿದ್ದವನು ಗಂಡ ಟಾಮ್. ಹಲ್ಲೆ ಮಾಡಿದವನು ಅವನು. ಮಾಡಿದ್ದು ಅವಳೇ ಅಂತ ನಂಬಿಸಿದವನೂ ಅವನೇ. ವಿಚ್ಛೇದನವಾದ ಮೇಲೂ ಅವಳು ಅವನಿಗೆ ಕ್ಷಮೆ ಕೇಳುತ್ತಲೇ ಇರುತ್ತಾಳೆ! ಇದಕ್ಕೆ ಗ್ಯಾಸ್‌ಲೈಟಿಂಗ್ ಅಂತಾರೆ. ಹೆಂಡತಿಗೆ ಹುಚ್ಚು ಹಿಡಿದಿದೆ ಅಂತ ಅವಳನ್ನೇ ನಂಬಿಸುವ ಗಂಡನ ಕಥೆ ಪ್ಯಾಟ್ರಿಕ್ ಹ್ಯಾಮಿಲ್ಟನ್‌ರ 1938ರ ‘ಗ್ಯಾಸ್ ಲೈಟ್’ ನಾಟಕ. ಪದ ಬಂದದ್ದು ಅಲ್ಲಿಂದ.

ಎ.ಜೆ. ಫಿನ್‌ರ ‘ದಿ ವುಮನ್ ಇನ್ ದಿ ವಿಂಡೋ’ (2018) ಕಾದಂಬರಿಯ ಆನಾ ಹೊಸ್ತಿಲು ದಾಟೋಕೇ ಹೆದರುವವಳು. ಮಾತ್ರೆಯ ಜೊತೆ ವೈನ್ ಕುಡೀತಾಳೆ. ಎದುರು ಮನೆಯಲ್ಲಿ ಹೆಂಗಸಿಗೆ ಚೂರಿ ಹಾಕಿದ್ದು ಕಂಡೆ ಅಂದರೆ ಎಲ್ಲರೂ ಅವಳ ಮಾತ್ರೆ, ಬಾಟಲಿಗಳ ಕಡೆ ನೋಡ್ತಾರೆ. ಕೊಲೆ ಮಾತ್ರ ನಡೆದೇ ಇತ್ತು.