ಪಾರ್ಸೆಲಿನಲ್ಲಿ ಬರುವ ಹವಳ: ಅಂದಕ್ಕೆ ತೆರುವ ಬೆಲೆ

ಹವಳ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅಜ್ಜಿಯಂದಿರ ಕೊರಳಿನ ಕೆಂಪು ಮಣಿಸರ. ಅದು ಕಲ್ಲೋ, ಗಿಡವೋ, ಪ್ರಾಣಿಯೋ ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳು ಕಲ್ಲೆಂದೇ ಹೇಳುತ್ತಾರೆ. ನಿಜವಾಗಿ ಅದು ಕಡಲಿನ ಪುಟ್ಟ ಪ್ರಾಣಿಗಳು ಬಿಟ್ಟುಹೋದ ಎಲುಬುಗೂಡು.

ಈ ಜಾತಿಯ ಪ್ರಾಣಿಗಳನ್ನು ಜೀವಂತವಾಗಿ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಅಮೆರಿಕ, ಯೂರೋಪುಗಳಲ್ಲಿ ಕೆಲವು ದಶಕಗಳಿಂದ ಬೆಳೆದುಬಂದಿದೆ. ಚಿತ್ರ ನೋಡಿ ಹಣ ಕಳುಹಿಸಿದರೆ ಸಾಕು, ಹವಳದ ತುಂಡು ಪಾರ್ಸೆಲಿನಲ್ಲಿ ಮನೆಬಾಗಿಲಿಗೆ ಬರುತ್ತದೆ. ಆ ಬಣ್ಣಬಣ್ಣದ ಚಿತ್ರಗಳು ಇಂದು ನಮ್ಮ ಮಕ್ಕಳ ಮೊಬೈಲಿನಲ್ಲೂ ಕಾಣಸಿಗುತ್ತವೆ. ನಮಗೂ ಒಂದು ತರಿಸಬಾರದೇ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ, ಅದರ ಜೊತೆಗೆ ಏನೆಲ್ಲ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಲೇಸು.

ಕತ್ತಲೆಯ ಪಯಣ

ಹವಳದ ಒಂದೊಂದು ಜೀವಿಗೂ ಪಾಲಿಪ್ ಎಂದು ಹೆಸರು. ಮೆದು ಮೈ, ನಡುವೆ ಒಂದು ಬಾಯಿ, ಸುತ್ತಲೂ ಕುಟುಕುವ ಎಳೆಗಳು. ಇಷ್ಟೇ ಅದರ ಆಕಾರ. ದಿಬ್ಬ ಕಟ್ಟುವ ಹವಳಗಳಲ್ಲಿ ಇವು ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ಸುಣ್ಣದ ಗೂಡು ಕಟ್ಟುತ್ತವೆ. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಬಿಸಿಲಿನ ಬಲದಿಂದ ಪಾಚಿ ಆಹಾರ ತಯಾರಿಸಿ, ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ನೀರಿನ ಬಿಸಿ ಮಿತಿಮೀರಿ ಏರಿದರೆ ಈ ಸ್ನೇಹ ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ.

ಇಂಥ ಸೂಕ್ಷ್ಮ ಪ್ರಾಣಿಯನ್ನು ಸಾಗಿಸುವ ಕ್ರಮ ಹೀಗಿದೆ. ಪಾಲಿಥೀನ್ ಚೀಲದಲ್ಲಿ ಸ್ವಲ್ಪ ಉಪ್ಪುನೀರು, ಅದರಲ್ಲಿ ಹವಳದ ತುಂಡು, ಮೇಲೆ ಗಾಳಿ ಅಥವಾ ಆಮ್ಲಜನಕ. ಚೀಲವನ್ನು ಬಿಗಿದು ಥರ್ಮಕೋಲ್ ಪೆಟ್ಟಿಗೆಯಲ್ಲಿಡುತ್ತಾರೆ. ಚಳಿಗಾಲವಾದರೆ ಬಿಸಿಯ ಪೊಟ್ಟಣ, ಬೇಸಗೆಯಾದರೆ ತಂಪಿನ ಪೊಟ್ಟಣ ಸೇರಿಸುತ್ತಾರೆ. ದೇಶದಿಂದ ದೇಶಕ್ಕೆ ವಿಮಾನದ ಸರಕಾಗಿ ಬಂದದ್ದು, ಅಮೆರಿಕದೊಳಗೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮುಟ್ಟಿಸುವ ಕೊರಿಯರ್‌ನಲ್ಲಿ ಸಾಗುತ್ತದೆ. ಅಂತಾರಾಷ್ಟ್ರೀಯ ಅಂಚೆಯಲ್ಲಿ ಮಾತ್ರ ಇದಕ್ಕೆ ಎಡೆಯಿಲ್ಲ. ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಜೇನ್ನೊಣ, ಜಿಗಣೆ, ರೇಷ್ಮೆಹುಳುಗಳಂಥ ಕೆಲವೇ ಜೀವಿಗಳಿಗೆ ವಿನಾಯಿತಿ ಇದೆ.

ಎಲ್ಲವೂ ಸರಿಯಾಗಿ ನಡೆದರೆ ಹವಳ ಬದುಕಿ ತಲುಪುತ್ತದೆ. ಆದರೆ ಇಂಥ ಕೊರಿಯರ್ ಪೆಟ್ಟಿಗೆಗಳು ಮೆಂಫಿಸ್, ಲೂಯಿವಿಲ್‌ನಂಥ ಕೆಲವೇ ನಗರಗಳಲ್ಲಿ ಒಟ್ಟುಗೂಡಿ ಮತ್ತೆ ಚದುರುತ್ತವೆ. ಅಲ್ಲೊಂದು ಹಿಮದ ಬಿರುಗಾಳಿ ಬೀಸಿದರೆ ಪೆಟ್ಟಿಗೆಗಳು ಇದ್ದಲ್ಲೇ ಉಳಿಯುತ್ತವೆ. ಬಿಸಿಯ ಪೊಟ್ಟಣ ಆರುತ್ತದೆ, ನೀರು ತಣ್ಣಗಾಗುತ್ತದೆ. ಗಾಬರಿಗೊಂಡ ಹವಳ ಲೋಳೆ ಸುರಿಸುತ್ತದೆ. ಅದು ಕೊಳೆತು ಸ್ವಲ್ಪವೇ ಇರುವ ನೀರು ಕೆಡುತ್ತದೆ, ಅಮೋನಿಯ ಹೆಚ್ಚುತ್ತದೆ. ಚೀಲ ಮುಚ್ಚಿರುವಾಗ ಇಂಗಾಲದ ಡೈಆಕ್ಸೈಡಿನಿಂದ ನೀರು ತುಸು ಹುಳಿಯಾಗಿರುವುದರಿಂದ ಅಮೋನಿಯದ ವಿಷ ಅಷ್ಟಾಗಿ ತಗಲುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಅದೇ ಅಮೋನಿಯ ಘೋರವಾಗುತ್ತದೆ. ದಾರಿಯುದ್ದಕ್ಕೂ ಉಳಿದ ಜೀವ ಮನೆ ತಲುಪಿದ ಮೇಲೆ ಹೋಗಬಹುದು.

ಸತ್ತು ಬಂದರೆ ಬೇರೆ ಕಳುಹಿಸುತ್ತೇವೆ ಎಂದು ಎಷ್ಟೋ ವ್ಯಾಪಾರಿಗಳು ಭರವಸೆ ಕೊಡುತ್ತಾರೆ. ಕೊಳ್ಳುವವನ ಹಣ ಉಳಿಯಿತು, ನಿಜ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಕರೆಯದೆ ಬರುವ ಅತಿಥಿಗಳು

ಹವಳದ ತುಂಡಿನ ಜೊತೆ ಬೇರೆ ಜೀವಿಗಳೂ ಪಯಣಿಸುತ್ತವೆ. ಹವಳವನ್ನೇ ತಿನ್ನುವ ಚಪ್ಪಟೆ ಹುಳು, ಅದರ ಮೊಟ್ಟೆ, ರೋಗಾಣು, ಪಾಚಿಯ ಎಳೆ ಎಲ್ಲವೂ ಇರಬಹುದು. ಅವು ಒಂದು ತೊಟ್ಟಿಗೆ ಬಿದ್ದರೆ ಆ ಮನೆಯ ನಷ್ಟ. ಕಡಲಿಗೆ ಬಿದ್ದರೆ ಊರಿನ ನಷ್ಟ.

ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಅಲಂಕಾರದ ಪಾಚಿಯ ಕಥೆ ಇದಕ್ಕೆ ಸಾಕ್ಷಿ. ಗಾಜಿನ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಈ ಪಾಚಿ 1984ರಲ್ಲಿ ಮೊನಾಕೊ ಕರಾವಳಿಯಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಾಣಿಸಿಕೊಂಡಿತು. ಮುಂದೆ ಮೆಡಿಟರೇನಿಯನ್ ತೀರದಲ್ಲಿ ಸಾವಿರಾರು ಹೆಕ್ಟೇರಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲೂ ಸಿಕ್ಕಿತು. ಅಲ್ಲಿ ಅದನ್ನು ಬೇರುಸಹಿತ ತೆಗೆಯಲು 2006ರ ವರೆಗೆ ಹಿಡಿಯಿತು. ಖರ್ಚು 70 ಲಕ್ಷ ಡಾಲರಿಗೂ ಮೇಲೆ.

ಮನೆಯವರಿಗೂ ಅಪಾಯ

ಹವಳದ ಹತ್ತಿರದ ನೆಂಟನಾದ ಜೋವಾಂಥಿಡ್ ಎಂಬ ಗುಂಪನ್ನೂ ಅಂಗಡಿಗಳು ಹವಳವೆಂದೇ ಮಾರುತ್ತವೆ. ಗುಂಡಿಗಳನ್ನು ಜೋಡಿಸಿಟ್ಟಂತೆ ಕಾಣುವ, ಸುಲಭವಾಗಿ ಬೆಳೆಯುವ ಜೀವಿ ಇದು. ಇವುಗಳಲ್ಲಿ ಕೆಲವದರ ಮೈಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಹವಾಯಿ ದ್ವೀಪದ ಇಂಥ ಒಂದು ಜೀವಿಯಿಂದ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದ ವಿವರ 1971ರಲ್ಲಿ ಪ್ರಕಟವಾಯಿತು.

2014ರಲ್ಲಿ ಅಲಾಸ್ಕದ ಆಂಕರೇಜ್ ನಗರದಲ್ಲಿ ಹೊಸ ಜೋವಾಂಥಿಡ್‌ಗಳನ್ನು ತೊಟ್ಟಿಗೆ ಹಾಕಿದ ಒಬ್ಬರು, ಕೆಲವು ಗಂಟೆಗಳಲ್ಲೇ ಬಾಯಿ ಕಹಿ, ಜ್ವರ, ಕೆಮ್ಮು, ಮೈಕೈ ನೋವಿನಿಂದ ಆಸ್ಪತ್ರೆ ಸೇರಿದರು. ಮನೆಯ ಇತರರಿಗೂ ತೊಂದರೆಯಾಯಿತು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯಿಂದ ಹವಳ ತೆಗೆದು ಶುಚಿಗೊಳಿಸಿದ ಮನೆಯವರೆಲ್ಲರೂ ಆಸ್ಪತ್ರೆ ಸೇರಬೇಕಾಯಿತು. ತೊಟ್ಟಿಯ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿದು ಉಜ್ಜುವುದು ಅತ್ಯಂತ ಅಪಾಯಕರ. ವಿಷ ಆವಿಯೊಡನೆ ಗಾಳಿಯಲ್ಲಿ ಬೆರೆಯುತ್ತದೆ. ಒಡೆದ ಚೀಲದಿಂದ ಸೋರಿದ ನೀರನ್ನು ಬರಿಗೈಯಲ್ಲಿ ಒರಸುವುದೂ ಸಲ್ಲದು.

ನಮ್ಮ ಕಡಲಿನ ಮಾತು

ಇದೆಲ್ಲ ದೂರದ ದೇಶಗಳ ಸಂಗತಿ ಎಂದು ಓದುಗರು ಹೇಳಬಹುದು. ಆದರೆ ಹವಳದ ನಾಡು ನಮ್ಮ ನೆರೆಯಲ್ಲೇ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನದೀವಿ ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ 1956ರ ತನಕ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ಹುರಿಯನ್ನು ಓಡದಲ್ಲಿ ಹೇರಿ ಮಂಗಳೂರಿಗೆ ತರುತ್ತಿದ್ದರು. ಆ ವರ್ಷದ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಸೇರಿದರು. ಅವರ ಕಾಲಡಿಯ ನೆಲ ಹವಳ ಕಟ್ಟಿದ್ದು. ಅಲೆಯ ಹೊಡೆತವನ್ನು ತಡೆಯುವುದೂ ಹವಳದ ದಿಬ್ಬವೇ. ಕಡಲು ಕಾದು 1998, 2010, 2016 ಮತ್ತು 2024ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡಿತು. ಇಷ್ಟು ಸೋತಿರುವ ದಿಬ್ಬದಿಂದ ತೊಟ್ಟಿಯ ಅಂದಕ್ಕಾಗಿ ತುಂಡು ಕೀಳುವುದು ಸರಿಯೇ?

ಕಾನೂನೂ ಈ ಮಾತನ್ನೇ ಹೇಳುತ್ತದೆ. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅವನ್ನು ಕೀಳುವುದು, ಮಾರುವುದು ಶಿಕ್ಷಾರ್ಹ; ಮೂರರಿಂದ ಏಳು ವರ್ಷಗಳ ಸೆರೆಮನೆ ಕಾದಿದೆ. ದ್ವೀಪಕ್ಕೆ ಹೋದವರು ನೆನಪಿಗೆಂದು ಸತ್ತ ತುಂಡನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ. ಹೊರದೇಶಗಳಿಂದ ತರುವುದಕ್ಕೂ ಪರವಾನಗಿ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಕಲ್ಲುಹವಳಗಳೆಲ್ಲ ಸೇರಿವೆ. ಭಾರತ 1976ರಿಂದ ಆ ಒಪ್ಪಂದದಲ್ಲಿದೆ.

ಹವ್ಯಾಸಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ತೊಟ್ಟಿಯಲ್ಲೇ ಬೆಳೆಸಿದ ಹವಳವನ್ನು ತುಂಡು ಮಾಡಿ ಹಂಚುವುದರಿಂದ ಕಡಲಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ. 2014ರಲ್ಲಿ ಫ್ಲೋರಿಡದ ದಿಬ್ಬಗಳಿಗೆ ಹೊಸ ರೋಗ ತಗಲಿ ಹರಡಿದಾಗ, ಅಳಿದುಳಿದ ಆರೋಗ್ಯವಂತ ಹವಳಗಳನ್ನು ಒಳನಾಡಿನ ಮತ್ಸ್ಯಾಗಾರಗಳಿಗೆ ಸಾಗಿಸಿ ಕಾಪಾಡಿದ್ದೂ ಉಂಟು. ಅಲ್ಲಿ ಸಾಗಣೆ ಹವಳದ ಹಿತಕ್ಕಾಗಿ, ಬಲ್ಲವರ ಕೈಯಿಂದ ನಡೆಯಿತು. ಮನೆಗೆ ತರಿಸುವ ಪೆಟ್ಟಿಗೆಯ ಉದ್ದೇಶವೇ ಬೇರೆ.

ಮನೆಯಲ್ಲಿ ತೊಟ್ಟಿ ಇಡಬೇಕೆಂಬ ಮಕ್ಕಳಿಗೆ ಹತ್ತಿರದ ಅಂಗಡಿಯಲ್ಲಿ ಸಿಗುವ ಸಿಹಿನೀರಿನ ಮೀನುಗಳೇ ಸಾಕು. ಅವನ್ನು ಸಾಕುವುದಾಗದಿದ್ದರೆ ಅಂಗಡಿಗೇ ಹಿಂತಿರುಗಿಸಲಿ. ಕೆರೆಗಾಗಲಿ ಹೊಳೆಗಾಗಲಿ ಬಿಡಬಾರದು. ಹವಳವನ್ನು ನೋಡಲೇಬೇಕೆಂದಿದ್ದರೆ ಎಂದಾದರೂ ಹಡಗು ಹತ್ತಿ ದ್ವೀಪಕ್ಕೆ ಹೋಗಲಿ. ತಿಳಿನೀರಿನಲ್ಲಿ ಮುಖವಿಟ್ಟರೆ ಅದು ತನ್ನ ಮನೆಯಲ್ಲೇ ಇರುವುದು ಕಾಣುತ್ತದೆ.